ನಕಲು ಎಂದರೆ ಸುಳ್ಳಲ್ಲ: ಮನೆಯ ನೆನಪುಗಳನ್ನು ಕಾದಿಟ್ಟ ಕತೆ

'ನಕಲು' ಎಂಬ ಪದಕ್ಕೆ ಪೇಟೆಯಲ್ಲಿ ಮರ್ಯಾದೆ ಕಡಿಮೆ. ನಕಲಿ ನೋಟು, ನಕಲಿ ಚಿನ್ನ, ಪರೀಕ್ಷೆಯಲ್ಲಿ ನಕಲು, ಎಲ್ಲದರಲ್ಲೂ ಮೋಸದ ವಾಸನೆ. ಆದರೆ ಜಾಗದ ತಕರಾರಿಗೆಂದು ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತಿದವರಿಗೆ ಅದೇ ಪದದ ಇನ್ನೊಂದು ಅರ್ಥ ಗೊತ್ತು. ಅಲ್ಲಿ ನಕಲು ಸಿಕ್ಕಿತೆಂದರೆ ಮನೆ ಉಳಿಯಿತು ಎಂದರ್ಥ. ಮೂಲದಲ್ಲಿ ಇದು ಅರಬಿಯಿಂದ ಬಂದ ಪದ. 'ನಕ್ಲ್' ಎಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು. ನನಗೆ ಆ ಅರ್ಥವೇ ಹೆಚ್ಚು ಇಷ್ಟ.

ಈಗ ನಮ್ಮವರ ಕೆಲವು ಮನೆಗಳಲ್ಲಿ ವೈಫೈ ರೌಟರಿನ ಪಕ್ಕದಲ್ಲಿ ಒಂದು ಸಣ್ಣ ಕಪ್ಪು ಪೆಟ್ಟಿಗೆ ಕುಳಿತಿರುತ್ತದೆ. ಒಳಗೆ ಒಂದೋ ಎರಡೋ ಹಾರ್ಡ್ ಡಿಸ್ಕ್. ಮನೆಯವರೆಲ್ಲರ ಮೊಬೈಲಿನ ಫೋಟೊ, ಮದುವೆಯ ವಿಡಿಯೊ, ಆಧಾರಪತ್ರಗಳ ಸ್ಕ್ಯಾನ್ ಎಲ್ಲವೂ ಅದಕ್ಕೆ ಹೋಗುತ್ತವೆ. ಅಂಗಡಿಯವರು ಅದನ್ನು ನ್ಯಾಸ್ ಎನ್ನುತ್ತಾರೆ, ನಮ್ಮ ಮನೆಯಲ್ಲಿ 'ಪೆಟ್ಟಿಗೆ' ಅಂತಲೇ ಹೆಸರು. ಅದು ಬಂದ ಮೇಲೆ ಎಲ್ಲರಿಗೂ ಒಂದು ನಿಶ್ಚಿಂತೆ. ಆ ನಿಶ್ಚಿಂತೆ ಎಷ್ಟು ಗಟ್ಟಿ ಎಂದು ಕೇಳಿಕೊಳ್ಳಲು ಈ ಲೇಖನ. ಅದಕ್ಕೆ ಮೊದಲು ಪೆಟ್ಟಿಗೆ ಬರುವ ಮುನ್ನ ನಾವು ಯಾವುದನ್ನು ಹೇಗೆ ಕಾಯ್ದುಕೊಂಡೆವು ಎಂದು ನೋಡಬೇಕು.

ಕಾಗದ ಮತ್ತು ಗೆದ್ದಲು

ಮಂಜೇಶ್ವರದ ಕಡೆಯ ನಮ್ಮ ಹಳೆಯ ಮನೆಯಲ್ಲಿ ಒಂದು ತಗಡಿನ ಪೆಟ್ಟಿಗೆ ಇತ್ತು. ಅಜ್ಜನ ಕಾಲದ ಮೂಲಗೇಣಿ ಚೀಟಿ, ತೀರುವೆ ಕಟ್ಟಿದ ರಶೀದಿಗಳು, ಯಾರಿಗೋ ಸಾಲ ಕೊಟ್ಟ ಲೆಕ್ಕ ಎಲ್ಲವೂ ಅದರಲ್ಲಿ. ಒಂದು ಮಳೆಗಾಲ ಕಳೆದು ತೆರೆದಾಗ ಮುಖ್ಯವಾದ ಕ್ರಯಪತ್ರದ ಮಧ್ಯಭಾಗ ಗೆದ್ದಲಿನ ಹೊಟ್ಟೆ ಸೇರಿತ್ತು. ಮನೆ ಮಾತ್ರ ಕೈಬಿಡಲಿಲ್ಲ. 1908ರ ನೋಂದಣಿ ಕಾಯಿದೆಯ ಪ್ರಕಾರ ಸ್ಥಿರಾಸ್ತಿಯ ದಸ್ತಾವೇಜು ನೋಂದಣಿಯಾದಾಗ ಅದರ ಪೂರ್ತಿ ಒಕ್ಕಣೆಯನ್ನು ಕಚೇರಿಯ ಒಂದನೇ ಪುಸ್ತಕದಲ್ಲಿ ಬರೆದಿಟ್ಟು, ಮೂಲಪತ್ರವನ್ನು ಪಕ್ಷಗಾರನಿಗೆ ವಾಪಸು ಕೊಡುತ್ತಿದ್ದರು. ಹೆಸರಿನ ಸೂಚಿ ಬೇರೆ, ಸೊತ್ತಿನ ಸೂಚಿ ಬೇರೆ. ಅರ್ಜಿ ಹಾಕಿ ಶುಲ್ಕ ಕಟ್ಟಿದರೆ ದೃಢೀಕೃತ ನಕಲು ಕೊಡುತ್ತಾರೆ. ನಮಗೂ ಸಿಕ್ಕಿತು: ಮದರಾಸು ಪ್ರಾಂತ್ಯದ ಕಾಲದ ಕನ್ನಡ ಒಕ್ಕಣೆ, ಕೆಳಗೆ ಕೇರಳ ಸರಕಾರದ ಮುದ್ರೆ.

ಆ ನಕಲನ್ನು ಕೈಯಲ್ಲಿ ಹಿಡಿದಾಗ ಆ ಕಾಯಿದೆ ಬರೆದವರ ಬುದ್ಧಿ ಕಂಡಿತು. ನಕಲು ಮೂಲ ಇರುವ ಮನೆಯಲ್ಲಿ ಇರಲಿಲ್ಲ. ಆದ್ದರಿಂದ ಒಂದೇ ಗೆದ್ದಲು ಎರಡನ್ನೂ ತಿನ್ನಲಾಗಲಿಲ್ಲ. ಅದು ಬೇರೆಯವರ ವಶದಲ್ಲಿತ್ತು. ಆದ್ದರಿಂದ ನಮ್ಮ ಮನೆಯ ಜಗಳ ಅದನ್ನು ಮುಟ್ಟಲಿಲ್ಲ. ಸೂಚಿ ಇತ್ತು, ಆದ್ದರಿಂದ ಹುಡುಕಿದರೆ ಸಿಕ್ಕಿತು. ಇಂದು ಕಂಪ್ಯೂಟರ್ ತಿಳಿದವರು ಬ್ಯಾಕಪ್ ಬಗ್ಗೆ ಹೇಳುವ ಮಾತಿನ ಸಾರವೂ ಇಷ್ಟೇ.

ಕಚೇರಿಯ ನೆರವಿಲ್ಲದೆ ಉಳಿದದ್ದೂ ನಮ್ಮಲ್ಲಿ ಬಹಳವಿದೆ. ಕೋಝಿಕ್ಕೋಡಿನ ಖಾಝಿ ಮುಹಮ್ಮದ್ 1607ರಲ್ಲಿ ರಚಿಸಿದ ಮುಹ್ಯಿದ್ದೀನ್ ಮಾಲೆ ಕಾಲ ಖಚಿತವಾಗಿ ಗೊತ್ತಿರುವ ಅರಬಿ ಮಲಯಾಳಂ ಕೃತಿಗಳಲ್ಲಿ ಅತ್ಯಂತ ಹಳೆಯದು. 19ನೇ ಶತಮಾನದಲ್ಲಿ ತಲಶ್ಶೇರಿಯ ಕಡೆ ಕಲ್ಲಚ್ಚು ಬರುವ ತನಕ ಅದು ಉಳಿದದ್ದು ಕೈಬರಹದ ಪ್ರತಿಗಳಲ್ಲಿ ಮತ್ತು ಹಾಡುವವರ ಬಾಯಲ್ಲಿ. ಒಂದು ಮನೆಯ ಪ್ರತಿ ಮಳೆಗೆ ಕೊಳೆತರೂ ಇನ್ನೊಂದು ಮನೆಯಲ್ಲಿ ಅದು ಇದ್ದೇ ಇತ್ತು. ಯಾರೂ ಕುಳಿತು ಯೋಜನೆ ಹಾಕಿದ್ದಲ್ಲ. ಬೇಕೆಂದವರು ಬರೆದುಕೊಂಡರು, ಅಷ್ಟೆ.

ಆದರೆ ಬ್ಯಾರಿ ಭಾಷೆಯ ಪಾಡು ಬೇರೆ. ಅದಕ್ಕೆ ಬಹುಕಾಲ ಎಲ್ಲರೂ ಬಳಸುವ ತನ್ನದೇ ಲಿಪಿ ಇರಲಿಲ್ಲ. ಈಗಲೂ ನಾವು ಹೆಚ್ಚಾಗಿ ಬರೆಯುವುದು ಕನ್ನಡ ಅಕ್ಷರದಲ್ಲಿ. ಕರ್ನಾಟಕದಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾದದ್ದು 2009ರಲ್ಲಿ. ಅದಕ್ಕಿಂತ ಹಿಂದಿನ ನಮ್ಮ ಸಾಹಿತ್ಯದ ದೊಡ್ಡ ಪಾಲು ಅಜ್ಜಿಯರ ಗಂಟಲಲ್ಲಿತ್ತು: ಮೈಲಾಂಜಿಯ ಪಾಟುಗಳು, ಗಾದೆ, ಒಗಟು, ಮಕ್ಕಳನ್ನು ಮಲಗಿಸುವ ಹಾಡು. ಗಂಟಲಿಗೆ ಒಂದನೇ ಪುಸ್ತಕ ಇಲ್ಲ. ಆದ್ದರಿಂದ ನಮ್ಮವರ ಮಟ್ಟಿಗೆ ಧ್ವನಿಮುದ್ರಿಕೆಯೇ ತಾಳೆಗರಿ.

ಎರಡು ಘಟನೆಗಳ ವರ್ಷ

1956 ಎಂದರೆ ಕಾಸರಗೋಡಿನವರಿಗೆ ನೆನಪಾಗುವುದು ನವೆಂಬರ್ 1. ಅಂದು ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಹಳೆಯ ದಕ್ಷಿಣ ಕನ್ನಡ ಜಿಲ್ಲೆ ಎರಡು ಭಾಗವಾಗಿ, ನಾವು ಕೇರಳದ ಪಾಲಾದೆವು. ತಲಪಾಡಿಯ ಆಚೆ ಈಚೆ ಒಂದೇ ಕುಟುಂಬದ ಮನೆಗಳು ಎರಡು ಸರಕಾರಗಳ ಕಾಗದಪತ್ರದೊಳಗೆ ಸೇರಿದವು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ ಐಬಿಎಂ ಕಂಪೆನಿ 'ರಾಮಾಕ್' ಎಂಬ ಯಂತ್ರವನ್ನು ಹೊರತಂದಿತು. ಮಾರಾಟಕ್ಕೆ ಬಂದ ಮೊದಲ ಹಾರ್ಡ್ ಡಿಸ್ಕ್ ಇದ್ದದ್ದು ಅದರಲ್ಲಿ. 24 ಅಂಗುಲ ಅಗಲದ 50 ತಟ್ಟೆಗಳು, ಸುಮಾರು ಒಂದು ಟನ್ ಭಾರ, ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಇಂದು ಮೊಬೈಲಿನಲ್ಲಿ ತೆಗೆದ ಒಂದು ಒಳ್ಳೆಯ ಫೋಟೊಕ್ಕೆ ಹೆಚ್ಚುಕಡಿಮೆ ಅಷ್ಟು ಜಾಗ ಬೇಕು. ಅಂದಿನಿಂದ ಇಂದಿನವರೆಗೆ ಡಿಸ್ಕ್ ಚಿಕ್ಕದಾಗುತ್ತ ಬಂದಿದೆ, ಹಿಡಿಸುವ ಮಾಲು ಹೆಚ್ಚುತ್ತ ಬಂದಿದೆ. ಒಂದು ಗುಣ ಮಾತ್ರ ಬದಲಾಗಿಲ್ಲ: ತಿರುಗುವ ತಟ್ಟೆ ಒಂದಲ್ಲ ಒಂದು ದಿನ ನಿಲ್ಲುತ್ತದೆ.

ಕೊಲ್ಲಿಯಿಂದ ಬಂದ ದನಿ

1970ರ ದಶಕದಲ್ಲಿ ನಮ್ಮ ಗಂಡಸರು ದುಬೈ, ಶಾರ್ಜಾ, ಸೌದಿ ಎಂದು ಹೊರಟಾಗ ಅವರ ಹಿಂದೆಯೇ ಟೇಪ್‌ರೆಕಾರ್ಡರ್ ಊರಿಗೆ ಬಂತು. ಫಿಲಿಪ್ಸ್ ಕಂಪೆನಿ 1963ರಲ್ಲಿ ಪರಿಚಯಿಸಿದ ಕ್ಯಾಸೆಟ್ಟು ನಮ್ಮ ಮನೆಗಳಲ್ಲಿ ಕಾಗದದ ಕೆಲಸ ಮಾಡಿತು. ಓದುಬರಹ ಬಾರದ ಉಮ್ಮಂದಿರು ಕ್ಯಾಸೆಟ್ಟಿನಲ್ಲಿ ಮಾತನಾಡಿ, ಊರಿಗೆ ಬಂದು ಹಿಂದಿರುಗುವವರ ಕೈಯಲ್ಲಿ ಕಳುಹಿಸುತ್ತಿದ್ದರು. ಆಚೆಯಿಂದ ಮಗನ ಉತ್ತರ ಬರುತ್ತಿತ್ತು. ಎಸ್. ಎ. ಜಮೀಲ್ ಅವರ ದುಬೈ ಕತ್ತು ಪಾಟು ಮಲಬಾರಿನಲ್ಲಿ ಮನೆಮಾತಾದದ್ದೂ ಆ ದಶಕದಲ್ಲೇ. ಬಳಿಕ ವಿಡಿಯೊ ಬಂತು. ಜಪಾನಿನ ಜೆವಿಸಿ 1976ರಲ್ಲಿ ತಂದ ವಿಎಚ್‌ಎಸ್ ಟೇಪು 1980ರ ದಶಕದಲ್ಲಿ ಪುದಿಯಾಪ್ಲೆಯ ಜೊತೆ ಮದುವೆಯ ಚಪ್ಪರವನ್ನೂ ತುಂಬಿಕೊಂಡಿತು.

ಆ ಕ್ಯಾಸೆಟ್ಟುಗಳಲ್ಲಿ ಎಷ್ಟೋ ಅಳಿಸಿಹೋದವು. ಖಾಲಿ ಕ್ಯಾಸೆಟ್ಟಿಗೆ ದುಡ್ಡು ಕೊಡಬೇಕಿತ್ತು. ಕೇಳಿ ಆದ ಮೇಲೆ ಅದರ ಮೇಲೆಯೇ ಉತ್ತರ ತುಂಬಿಸಿ ಕಳುಹಿಸುತ್ತಿದ್ದರು. ಹಾಗಾಗಿ ಎಷ್ಟೋ ತಾಯಂದಿರ ಮಾತಿನ ಮೇಲೆ ಮಗನ ಮಾತು ಕುಳಿತಿದೆ. ಉಳಿದವುಗಳನ್ನು ಕರಾವಳಿಯ ತೇವ ಕಾಡಿತು. ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದರೆ ಅದು ಮುಂದೆ ಸರಿಯುವುದಿಲ್ಲ, ಸರಿದರೆ ಯಂತ್ರದ ತಲೆಯನ್ನೂ ಕೆಡಿಸುತ್ತದೆ. ನಮ್ಮ ಪೇಟೆಯ ಒಂದು ಸ್ಟುಡಿಯೊ ಮುಚ್ಚಿದಾಗ ಎಷ್ಟೋ ಮದುವೆಗಳ ಮೂಲ ಟೇಪುಗಳು ಗುಜರಿಗೆ ಹೋದವು. ಮನೆಯಲ್ಲಿ ಇನ್ನೊಂದು ಪ್ರತಿ ಇದ್ದವರದು ಉಳಿಯಿತು.

ನಮ್ಮಲ್ಲಿ ಉಳಿದ ಟೇಪುಗಳನ್ನು ನಾನು ಒಂದು ಹಳೆಯ ಪ್ಲೇಯರ್ ಇಟ್ಟುಕೊಂಡು ಕಂಪ್ಯೂಟರಿಗೆ ಇಳಿಸಿದೆ. ಒಂದು ತಾಸಿನ ಟೇಪನ್ನು ಇಳಿಸಲು ಒಂದು ತಾಸೇ ಬೇಕು, ಅವಸರ ನಡೆಯುವುದಿಲ್ಲ. ಅದರಲ್ಲಿ ಅಜ್ಜಿ ನಾಲ್ಕು ಪಾಟು ಹಾಡಿದ್ದಾರೆ. ಮೂರನೆಯದನ್ನು ಈಗ ನಮ್ಮ ಕುಟುಂಬದಲ್ಲಿ ಯಾರೂ ಪೂರ್ತಿ ಹೇಳಬಲ್ಲವರಿಲ್ಲ. ಆ ಫೈಲು ಹೋದರೆ ಆ ಪಾಟು ಹೋಯಿತು.

ಹೊರಗೆ ಯಾಕೆ ಇಡಲಿಲ್ಲ

ಇಷ್ಟೆಲ್ಲ ತಾಪತ್ರಯ ಯಾಕೆ, ದೊಡ್ಡ ಕಂಪೆನಿಗಳ ಕ್ಲೌಡಿಗೆ ಹಾಕಿಬಿಡಿ ಎಂದು ಹುಡುಗರು ಹೇಳುತ್ತಾರೆ. ನನ್ನ ತಮ್ಮನೂ ಶಾರ್ಜಾದಿಂದ ಅದನ್ನೇ ಹೇಳಿದ. ಉಮ್ಮ ಒಪ್ಪಲಿಲ್ಲ. "ಮದುವೆ ಮನೆಯಲ್ಲಿ ಹೆಂಗಸರ ಕೋಣೆಗೆ ಹೊರಗಿನ ಗಂಡಸರನ್ನು ಬಿಡದ ನಾವು, ಅಲ್ಲಿ ತೆಗೆದ ವಿಡಿಯೊವನ್ನು ಗುರುತಿಲ್ಲದವರ ಕಂಪ್ಯೂಟರಿನಲ್ಲಿ ಇಡುವುದೇ?" ಎಂದು ಕೇಳಿದರು. ಆ ಮಾತಿಗೆ ನಾವು ಎದುರಾಡಲಿಲ್ಲ. ಫೈಲುಗಳಿಗೆ ಗುಪ್ತಸಂಕೇತದ ಬೀಗ ಹಾಕಿ ಕ್ಲೌಡಿಗೆ ಕಳುಹಿಸುವ ದಾರಿ ಇದೆ, ಅದು ಒಳ್ಳೆಯ ದಾರಿಯೇ. ಆದರೆ ವಿಡಿಯೊದಲ್ಲಿರುವ ಹೆಂಗಸರ ಒಪ್ಪಿಗೆ ಇಲ್ಲದೆ ಅದನ್ನು ನಾವು ಗಂಡಸರೇ ತೀರ್ಮಾನಿಸುವುದು ಸರಿಯಲ್ಲ ಅನಿಸಿತು. ಹೀಗೆ ಪೆಟ್ಟಿಗೆ ಮನೆಗೆ ಬಂತು. ಮನೆಯಲ್ಲೇ ಇಡುತ್ತೇವೆ ಎಂದರೆ ಕಾಯುವ ಹೊಣೆಯೂ ಮನೆಯವರದೇ.

ಪೆಟ್ಟಿಗೆಯ ಒಳಗಿನ ಚರಿತ್ರೆ

ಒಂದು ಕಂಪ್ಯೂಟರಿನ ಫೈಲನ್ನು ಇನ್ನೊಂದರಿಂದ ತೆರೆಯುವ ಉಪಾಯ 1980ರ ದಶಕದ್ದು. ಐಬಿಎಂನ ಬ್ಯಾರಿ ಫೈಗನ್‌ಬಾಮ್ 1983ರಲ್ಲಿ ಎಸ್‌ಎಂಬಿ ಎಂಬ ಪದ್ಧತಿಯನ್ನು ರೂಪಿಸಿದರು. ಅವರ ಹೆಸರು ಕೇಳಿ ನಮ್ಮವರು ನಗಬಹುದು. ನಮಗೂ ಅವರಿಗೂ ನಂಟಿಲ್ಲ. 1984ರಲ್ಲಿ ಸನ್ ಕಂಪೆನಿ ಎನ್‌ಎಫ್‌ಎಸ್ ತಂದಿತು. 1992ರ ಹೊತ್ತಿಗೆ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಜೆಲ್, ಆ ಎಸ್‌ಎಂಬಿ ಮಾತನ್ನು ಯೂನಿಕ್ಸ್ ಯಂತ್ರಗಳಿಗೂ ಕಲಿಸುವ ತಂತ್ರಾಂಶ ಬರೆದು ಉಚಿತವಾಗಿ ಹಂಚಿದರು. ಎಸ್, ಎಂ, ಬಿ ಅಕ್ಷರಗಳು ಇದೇ ಕ್ರಮದಲ್ಲಿ ಬರುವ ಪದವನ್ನು ನಿಘಂಟಿನಲ್ಲಿ ಹುಡುಕಿ ಅದಕ್ಕೆ 'ಸಾಂಬಾ' ಎಂದು ಹೆಸರಿಟ್ಟರು. ಇಂದು ಮನೆಗಳಲ್ಲಿರುವ ಬಹುತೇಕ ಪೆಟ್ಟಿಗೆಗಳ ಒಳಗೆ ಓಡುವುದು ಲಿನಕ್ಸ್ ಮತ್ತು ಸಾಂಬಾ.

ಅದೇ ಟ್ರಿಜೆಲ್, ಪಾಲ್ ಮ್ಯಾಕೆರಸ್ ಜೊತೆ ಸೇರಿ 1996ರಲ್ಲಿ 'ಆರ್‌ಸಿಂಕ್' ಎಂಬ ಇನ್ನೊಂದು ತಂತ್ರಾಂಶ ಕೊಟ್ಟರು. ಬ್ಯಾಕಪ್ ಮಾಡುವವರು ಅವರಿಗೆ ಋಣಿಗಳು. ಅದರ ಉಪಾಯವನ್ನು ಜಮಾಅತಿನ ಲೆಕ್ಕದ ಪುಸ್ತಕದ ಉದಾಹರಣೆಯಿಂದ ಹೇಳಬಹುದು. ಒಂದೇ ಪುಸ್ತಕದ ಎರಡು ಪ್ರತಿ ಎರಡು ಊರುಗಳಲ್ಲಿವೆ. ಒಂದು ಪ್ರತಿಯಲ್ಲಿ ತಿದ್ದುಪಡಿ ಆಗಿದೆ. ಪೂರ್ತಿ ಪುಸ್ತಕವನ್ನು ಕಳುಹಿಸುವ ಬದಲು, ಪ್ರತಿ ಪುಟದ ಮೊತ್ತವನ್ನಷ್ಟೇ ಫೋನಿನಲ್ಲಿ ಹೇಳಿಕೊಂಡರೆ ಸಾಕು. ಮೊತ್ತ ತಾಳೆಯಾಗದ ಪುಟವನ್ನು ಮಾತ್ರ ಕಳುಹಿಸಬಹುದು. ಆದರೆ ನಡುವೆ ಒಂದು ಸಾಲು ಹೊಸದಾಗಿ ಸೇರಿದರೆ ಮುಂದಿನ ಎಲ್ಲ ಪುಟಗಳ ಸಾಲುಗಳೂ ಕೆಳಗೆ ಸರಿದು ಯಾವ ಮೊತ್ತವೂ ತಾಳೆಯಾಗುವುದಿಲ್ಲ. ಟ್ರಿಜೆಲ್ ಗೆದ್ದದ್ದು ಇಲ್ಲಿ. ಪುಟದ ಚೌಕಟ್ಟನ್ನು ಒಂದೊಂದೇ ಅಕ್ಷರದಷ್ಟು ಸರಿಸುತ್ತ ಮೊತ್ತವನ್ನು ಬೇಗ ಲೆಕ್ಕ ಹಾಕುವ ಕ್ರಮದಿಂದ, ಸರಿದುಹೋದ ಹಳೆಯ ಭಾಗವನ್ನೂ ಗುರುತಿಸಿ, ನಿಜವಾಗಿ ಹೊಸತಾದದ್ದನ್ನು ಮಾತ್ರ ಕಳುಹಿಸುವಂತೆ ಮಾಡಿದರು. ನಿಧಾನದ ನೆಟ್ ಇರುವ ಊರಿಗೆ ಇದು ದೊಡ್ಡ ಉಪಕಾರ.

ಪೆಟ್ಟಿಗೆಯಲ್ಲಿ ಎರಡು ಡಿಸ್ಕ್ ಇಡುವ ಪದ್ಧತಿಗೂ ಒಂದು ಚರಿತ್ರೆ ಇದೆ. 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕ್ಯಾಟ್ಸ್ ಎಂಬ ಮೂವರು ಒಂದು ಪ್ರಬಂಧ ಮಂಡಿಸಿದರು. ದುಬಾರಿಯ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಸಣ್ಣ ಡಿಸ್ಕುಗಳನ್ನು ಕೂಡಿಸಿ ಎಂಬುದು ಅವರ ವಾದ. ಡಿಸ್ಕುಗಳ ಸಂಖ್ಯೆ ಹೆಚ್ಚಿದಂತೆ ಯಾವುದೋ ಒಂದು ಕೆಡುವ ಸಂಭವವೂ ಹೆಚ್ಚು. ಅದಕ್ಕಾಗಿ ಒಂದು ಕೆಟ್ಟರೂ ಉಳಿದವುಗಳಿಂದ ಕೆಲಸ ನಡೆಯುವಂತೆ ಜೋಡಿಸಬೇಕು. ಇದಕ್ಕೆ 'ರೇಡ್' ಎಂದು ಹೆಸರು. ನಮ್ಮ ಮನೆಗಳ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಒಂದು ಡಿಸ್ಕಿನಲ್ಲಿ ಬರೆದದ್ದು ಆ ಕ್ಷಣವೇ ಇನ್ನೊಂದರಲ್ಲೂ ಬರೆಯಲ್ಪಡುತ್ತದೆ.

ಹಲವರು ತಿಳಿದಿರುವುದು ಇದೇ ಬ್ಯಾಕಪ್ ಎಂದು. ಅಲ್ಲ. ರೇಡ್ ಎಂದರೆ ಕನ್ನಡಿ. ನೀವು ಒಂದು ಫೈಲು ಅಳಿಸಿದರೆ ಕನ್ನಡಿಯಲ್ಲಿಯೂ ಅಳಿಯುತ್ತದೆ. ವೈರಸ್ ಬಂದರೆ ಎರಡಕ್ಕೂ ಬರುತ್ತದೆ. ಇಡವದ ಮೊದಲ ಮಳೆಗೆ ಸಿಡಿಲು ಕರೆಂಟಿನ ತಂತಿಯಲ್ಲೋ ಕೇಬಲಿನಲ್ಲೋ ಒಳಬಂದರೆ ಎರಡೂ ಡಿಸ್ಕ್ ಒಂದೇ ಏಟಿಗೆ ಹೋಗಬಹುದು. ಕಳ್ಳ ಬಂದರೆ ಪೆಟ್ಟಿಗೆಯನ್ನೇ ಒಯ್ಯುತ್ತಾನೆ. ಒಂದೇ ಕಪಾಟಿನ ಎರಡು ಪ್ರತಿಗೆ ಗೆದ್ದಲು ಒಂದೇ.

ಪೆಟ್ಟು ತಿಂದವರ ಕತೆ

ದೊಡ್ಡವರೂ ಇಲ್ಲಿ ಪೆಟ್ಟು ತಿಂದಿದ್ದಾರೆ. 1998ರಲ್ಲಿ ಪಿಕ್ಸಾರ್ ಸ್ಟುಡಿಯೊದಲ್ಲಿ 'ಟಾಯ್ ಸ್ಟೋರಿ 2' ಚಿತ್ರ ತಯಾರಾಗುತ್ತಿದ್ದಾಗ ಒಂದು ತಪ್ಪು ಆಜ್ಞೆಯಿಂದ ಚಿತ್ರದ ಫೈಲುಗಳು ಅಳಿಯತೊಡಗಿದವು. ಬ್ಯಾಕಪ್ ತೆಗೆದು ನೋಡಿದರೆ ಅದು ಸರಿಯಾಗಿ ಕೆಲಸವೇ ಮಾಡಿರಲಿಲ್ಲ. ಚಿತ್ರವನ್ನು ಉಳಿಸಿದ್ದು ಗಾಲಿನ್ ಸಸ್ಮನ್ ಎಂಬ ತಂತ್ರಜ್ಞೆಯ ಮನೆಯ ಕಂಪ್ಯೂಟರ್. ಹೆರಿಗೆಯಾಗಿ ಮಗು ಚಿಕ್ಕದಿದ್ದುದರಿಂದ ಅವರು ಮನೆಯಿಂದಲೇ ಕೆಲಸ ಮಾಡಲು ಒಂದು ಪ್ರತಿ ಇಟ್ಟುಕೊಂಡಿದ್ದರು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ತಂದರಂತೆ. ಅಷ್ಟು ದೊಡ್ಡ ಕಂಪೆನಿಗೂ ಕೊನೆಗೆ ನೆರವಾದದ್ದು ಒಬ್ಬ ತಾಯಿಯ ಮನೆಯಲ್ಲಿದ್ದ ಇನ್ನೊಂದು ಪ್ರತಿ.

ಕ್ಲೌಡಿನ ಕತೆಯೂ ಕೇಳಿ. ಮೈಸ್ಪೇಸ್ ಎಂಬ ತಾಣದಲ್ಲಿ 2003ರಿಂದ 2015ರವರೆಗೆ ಜನ ಹಾಕಿದ್ದ ಹಾಡುಗಳು ಸರ್ವರ್ ಬದಲಿಸುವಾಗ ಕಳೆದುಹೋದವು ಎಂದು 2019ರಲ್ಲಿ ಗೊತ್ತಾಯಿತು. 5 ಕೋಟಿಗೂ ಹೆಚ್ಚು ಹಾಡು. ಮನೆಯ ಪೆಟ್ಟಿಗೆಗಳೂ ಸುರಕ್ಷಿತವಲ್ಲ. 2021ರ ಜೂನ್ ತಿಂಗಳಲ್ಲಿ ವೆಸ್ಟರ್ನ್ ಡಿಜಿಟಲ್‌ನ 'ಮೈ ಬುಕ್ ಲೈವ್' ಎಂಬ ಪೆಟ್ಟಿಗೆ ಇದ್ದ ಅನೇಕರು ಬೆಳಗ್ಗೆ ಎದ್ದು ನೋಡಿದರೆ ಒಳಗೆಲ್ಲ ಖಾಲಿ. ಹೊರಗಿನವರು ಇಂಟರ್‌ನೆಟ್ ಮೂಲಕ ನುಗ್ಗಿ ಅಳಿಸಿದ್ದರು. 2015ರ ಬಳಿಕ ಆ ಪೆಟ್ಟಿಗೆಗೆ ಹೊಸ ಅಪ್‌ಡೇಟ್ ಬಂದಿರಲಿಲ್ಲ. 2022ರ ಜನವರಿಯಲ್ಲಿ 'ಡೆಡ್‌ಬೋಲ್ಟ್' ಎಂಬ ಗುಂಪು ಕ್ಯೂನ್ಯಾಪ್ ಪೆಟ್ಟಿಗೆಗಳಿಗೆ ಬೀಗ ಹಾಕಿ, ತೆಗೆಯಲು ಪ್ರತಿಯೊಬ್ಬರಿಂದ 0.03 ಬಿಟ್‌ಕಾಯಿನ್ ಕೇಳಿತು. ಇಂಥ ಹೊತ್ತಿನಲ್ಲಿ ತಂತಿ ಕಳಚಿ ಬೇರೆ ಕಡೆ ಇಟ್ಟ ಇನ್ನೊಂದು ಪ್ರತಿ ಉಳ್ಳವನಿಗೆ ಕಳ್ಳನ ಜೊತೆ ಚೌಕಾಸಿ ಮಾಡಬೇಕಾದ ಗತಿ ಬರುವುದಿಲ್ಲ.

ಛಾಯಾಗ್ರಾಹಕ ಪೀಟರ್ ಕ್ರೋ ಅವರ ಪುಸ್ತಕದಿಂದ ಪ್ರಚಾರಕ್ಕೆ ಬಂದ ಒಂದು ಸೂತ್ರವಿದೆ: 3-2-1. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ. ನಮ್ಮ ರಿಜಿಸ್ಟ್ರಾರ್ ಕಚೇರಿಯ ಬುದ್ಧಿಗೆ ಇನ್ನೊಂದು ಪ್ರತಿ ಸೇರಿಸಿದಂತೆ.

ನಮ್ಮ ಮನೆಯ ಏರ್ಪಾಡು

ನಮ್ಮಲ್ಲಿರುವ ಮಾಲು ಸುಮಾರು 1.2 ಟಿಬಿ. ಮೊದಲ ಪ್ರತಿ ಪೆಟ್ಟಿಗೆಯಲ್ಲಿ. ಎರಡನೆಯದು ಯುಎಸ್‌ಬಿ ಹಾರ್ಡ್ ಡಿಸ್ಕಿನಲ್ಲಿ. ತಿಂಗಳಿಗೊಮ್ಮೆ ಪೆಟ್ಟಿಗೆಗೆ ಚುಚ್ಚಿ, ಕೆಲಸ ಮುಗಿದ ಕೂಡಲೇ ಕಳಚಿ ಕಪಾಟಿಗೆ. ಕಳಚುವುದೇ ಮುಖ್ಯ, ಚುಚ್ಚಿದಲ್ಲೇ ಬಿಟ್ಟರೆ ಸಿಡಿಲಿಗೂ ವೈರಸ್ಸಿಗೂ ಅದು ಸಿಗುತ್ತದೆ. ಮೂರನೆಯದು ಉಳ್ಳಾಲದಲ್ಲಿ ತಂಗಿಯ ಮನೆಯಲ್ಲಿರುವ ಇನ್ನೊಂದು ಸಣ್ಣ ಪೆಟ್ಟಿಗೆ. ಅದಕ್ಕೆ ಮೊದಲ ಬಾರಿ ನೆಟ್ ಮೂಲಕ ಕಳುಹಿಸಲು ಹೋಗಲಿಲ್ಲ. ಸೆಕೆಂಡಿಗೆ 40 ಮೆಗಾಬಿಟ್ ಎಂದು ಲೆಕ್ಕ ಹಾಕಿದರೂ ನಿಲ್ಲದೆ ಮೂರು ದಿನ ಹತ್ತಿರ ಬೇಕು, ನಮ್ಮ ಕರೆಂಟಿಗೆ ಅಷ್ಟು ತಾಳ್ಮೆ ಇಲ್ಲ. ಡಿಸ್ಕನ್ನು ಚೀಲದಲ್ಲಿ ಹಾಕಿ ತಲಪಾಡಿ ದಾಟಿ ಬಸ್ಸಿನಲ್ಲಿ ಒಯ್ದೆ. ಈಗ ವಾರಕ್ಕೊಮ್ಮೆ ರಾತ್ರಿ ಆರ್‌ಸಿಂಕ್ ಹೊಸತನ್ನು ಮಾತ್ರ ಕಳುಹಿಸುತ್ತದೆ. ತಂಗಿಯ ಮನೆಯ ಫೋಟೊಗಳು ಹಾಗೆಯೇ ಇತ್ತ ಬರುತ್ತವೆ. 1956ರ ಗಡಿಯ ಆಚೆ ಈಚೆ ಎರಡು ಮನೆ, ಒಬ್ಬರ ಮಾಲಿಗೆ ಇನ್ನೊಬ್ಬರು ಕಾವಲು.

ಇದರ ಜೊತೆ ಪೆಟ್ಟಿಗೆ ದಿನಕ್ಕೊಮ್ಮೆ ತನ್ನ ಸ್ಥಿತಿಯ ಗುರುತು ಇಟ್ಟುಕೊಳ್ಳುವಂತೆ ಮಾಡಿದ್ದೇನೆ. ಅದಕ್ಕೆ ಸ್ನ್ಯಾಪ್‌ಶಾಟ್ ಎನ್ನುತ್ತಾರೆ. ಮಕ್ಕಳು ಏನಾದರೂ ಅಳಿಸಿದರೆ ನಿನ್ನೆಯ ಸ್ಥಿತಿಗೆ ಹೋಗಿ ತೆಗೆಯಬಹುದು. ಪೆಟ್ಟಿಗೆಯನ್ನು ಹೊರಗಿನಿಂದ ನೇರವಾಗಿ ತೆರೆಯುವ ಬಾಗಿಲು ರೌಟರಿನಲ್ಲಿ ಇಟ್ಟಿಲ್ಲ. ಯುಪಿಎಸ್ ಇದೆ, ಗುಡುಗು ಹತ್ತಿರವಾದರೆ ಕರೆಂಟಿನ ವಯರನ್ನೂ ನೆಟ್ಟಿನ ವಯರನ್ನೂ ಎಳೆದಿಡುವುದು ಉಮ್ಮನ ಕೆಲಸ.

ಎರಡು ವಿಷಯಗಳಿಗೆ ಯಂತ್ರ ನೆರವಾಗುವುದಿಲ್ಲ. ಒಂದು, ಬೀಗದ ಕೈ. ಕೊಲ್ಲಿಯಲ್ಲಿರುವ ಮಗ ರಜೆಯಲ್ಲಿ ಬಂದು ಪೆಟ್ಟಿಗೆ ಕೂರಿಸಿ ಹೋಗುತ್ತಾನೆ, ಪಾಸ್‌ವರ್ಡ್ ಅವನ ತಲೆಯಲ್ಲಿ. ಮರಣ ಹೇಳಿ ಕೇಳಿ ಬರುವುದಿಲ್ಲ. ನಮ್ಮಲ್ಲಿ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಉಮ್ಮನ ಚಿನ್ನದ ಡಬ್ಬಿಯೊಳಗೆ ಒಂದು, ತಂಗಿಯ ಹತ್ತಿರ ಒಂದು ಇಟ್ಟಿದ್ದೇವೆ. ಯಾವ ಫೋಲ್ಡರಿನಲ್ಲಿ ಏನಿದೆ ಎಂದು ಕನ್ನಡದಲ್ಲಿ ಒಂದು ಪಟ್ಟಿಯೂ ಅದರ ಜೊತೆಗಿದೆ. ಹೆಸರಿಲ್ಲದ ಸಾವಿರ ಫೈಲುಗಳಲ್ಲಿ ಅಜ್ಜಿಯ ದನಿಯನ್ನು ಮೊಮ್ಮಕ್ಕಳು ಎಲ್ಲಿ ಹುಡುಕಬೇಕು? ಹಾಡಿದವರು ಯಾರು, ಯಾರ ಮದುವೆ, ಯಾವ ಮನೆ ಎಂಬುದನ್ನು ಬಲ್ಲವರು ಇರುವಾಗಲೇ ಬರೆದುಕೊಳ್ಳಬೇಕು.

ಇನ್ನೊಂದು, ಪರೀಕ್ಷೆ. ಮರಳಿ ತೆಗೆದು ನೋಡದ ಬ್ಯಾಕಪ್ ಬರೀ ನಂಬಿಕೆ. ಪಿಕ್ಸಾರ್‌ನವರು ಕಲಿತದ್ದು ಅದನ್ನೇ. ವರ್ಷಕ್ಕೆ ಎರಡು ಬಾರಿ, ಎರಡು ಪೆರ್ನಾಳಿಗೆ ತಂಗಿ ತವರಿಗೆ ಬಂದಾಗ, ಅವಳ ಮನೆಯ ಪ್ರತಿಯಿಂದ ಯಾವುದೋ ಒಂದು ಫೈಲನ್ನು ಅವಳೇ ಆರಿಸಿ ಪೂರ್ತಿ ತೆರೆದು ತೋರಿಸಬೇಕು ಎಂಬುದು ನಮ್ಮ ಮನೆಯ ಕ್ರಮ. ಕಳೆದ ಬಾರಿ ಅವಳು ಅಜ್ಜಿಯ ಮೂರನೆಯ ಪಾಟನ್ನು ಆರಿಸಿದಳು. ಮುಗಿಯುವ ತನಕ ಅಡುಗೆಮನೆಯಲ್ಲಿ ಯಾರೂ ಮಾತಾಡಲಿಲ್ಲ. ಅವಳ ಮಗಳು ಅದನ್ನು ಇನ್ನೊಮ್ಮೆ ಹಾಕಿಸಿ, ಪಾಠದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡಳು. ಅರ್ಥವಾಗದ ಎರಡು ಪದಗಳಿಗೆ ಉಮ್ಮ ಅರ್ಥ ಹೇಳಿದರು.

ನಿಮ್ಮ ಮನೆಯಲ್ಲಿ ಪೆಟ್ಟಿಗೆ ಇದ್ದರೆ ಈ ವಾರ ಒಂದು ಡಿಸ್ಕ್ ತಂದು ಎರಡನೆಯ ಪ್ರತಿ ಮಾಡಿ, ಅದನ್ನು ಅಕ್ಕನ ಮನೆಯಲ್ಲೋ ಮಾಮನ ಮನೆಯಲ್ಲೋ ಇಡಿ. ಪೆಟ್ಟಿಗೆ ಇಲ್ಲದಿದ್ದರೆ ಮೊದಲು ಅಟ್ಟ ಹತ್ತಿ ಹಳೆಯ ಕ್ಯಾಸೆಟ್ಟುಗಳನ್ನು ಕೆಳಗಿಳಿಸಿ. ಮಳೆಗಾಲಕ್ಕೆ ಮುಂಚೆ ಆದರೆ ಒಳ್ಳೆಯದು.